ಟೇಪಿನ ತಪ್ಪು

ಕರೆದದ್ದು ತನ್ನ ಹೆಸರನ್ನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೆಸರು ಹಿಡಿದು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ತಂಗಿ ಅತ್ತಿಗೆ ಅಂದಳು. ಇಬ್ಬರೂ ಸೇರಿ ಹೊಲಿಗೆ ಅಂಗಡಿ ಹಾಕಿದ ಮೇಲೆ ಅಳತೆ ಕೊಡಲು ಬಂದವರು, ಗುಂಡಿ ಹಾಕಿಸಿಕೊಳ್ಳಲು ಬಂದವರು, ಕೊನೆಗೆ ಅಂಚೆಯವನೂ ಹಾಗೇ ಅಂದ. ಈಗ ಬೀದಿಗೆಲ್ಲ ಅವಳು ಅತ್ತಿಗೆ, ಅವಳಿಗಿಂತ ಎಷ್ಟೋ ದೊಡ್ಡವರಿಗೂ ಅತ್ತಿಗೆ. ಹೀಗಾಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಬಾಗಿಲಿಗೆ ಬಂದು ಒಂದು ಹೆಸರನ್ನು ಎರಡು ಸಲ ಕೂಗಿದಾಗ ಅತ್ತಿಗೆಯೂ ಉಳಿದವರಂತೆ ಆಚೀಚೆ ನೋಡಿದಳು. ಯಾರಪ್ಪಾ ಈ ಪುಣ್ಯಾತ್ಗಿತ್ತಿ, ಅಷ್ಟು ಕರೆದರೂ ಏಳುತ್ತಿಲ್ಲವಲ್ಲ ಎಂದುಕೊಂಡಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ನಾದಿನಿಯ ಮುಖ ನೋಡಿದಳು. ನಾದಿನಿ ಬಹಳ ಆಸಕ್ತಿಯಿಂದ ಸೂರು ನೋಡುತ್ತಿದ್ದಳು. ಸೂರಿನಲ್ಲಿ ಒಂದು ಫ್ಯಾನು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.

ಇವತ್ತು ಪರೀಕ್ಷೆ ಇದ್ದದ್ದು ನಾದಿನಿಗೆ. ಹಾಗೆಂದು ಅವಳೇ ಹೇಳಿದ್ದಳು: ಮೂಳೆ ಎಷ್ಟು ಗಟ್ಟಿ ಇದೆಯೆಂದು ನೋಡುವ ಯಂತ್ರವೊಂದಿದೆಯಂತೆ, ಐವತ್ತು ದಾಟಿದ ಹೆಂಗಸರು ಒಮ್ಮೆ ತೋರಿಸಿಕೊಂಡರೆ ಒಳ್ಳೆಯದಂತೆ, ಒಬ್ಬಳೇ ಹೋಗಲು ಭಯ, ಜೊತೆಗೆ ಬನ್ನಿ. ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಅತ್ತಿಗೆ ಬಂದಿದ್ದಳು. ದಾರಿಯುದ್ದಕ್ಕೂ ಧೈರ್ಯ ಹೇಳಿದ್ದೂ ಹೇಳಿದ್ದೇ. ಹೆದರೋಕೇನಿದೆಯೇ, ಸುಮ್ಮನೆ ಮಲಗೋದು, ಅದೇನು ಚುಚ್ಚುತ್ತಾ, ಕೊಯ್ಯುತ್ತಾ ಎಂದೆಲ್ಲ ಹೇಳುವಾಗ ಅವಳೊಳಗೆ ಒಂದು ಸಣ್ಣ ನೆಮ್ಮದಿ ಇತ್ತು. ಮಲಗಬೇಕಾದವಳು ತಾನಲ್ಲವಲ್ಲ ಎಂಬ ನೆಮ್ಮದಿ. ಆ ನೆಮ್ಮದಿ ಗೊತ್ತಾದಾಗ ನಾಚಿಕೆಯಾಗಿ ನಾದಿನಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದಳು. ಈಗ ಆ ಕೈ ಮೆತ್ತಗೆ ಕೊಸರಿಕೊಂಡು ಅವಳ ಬೆನ್ನಿಗೆ ಬಂತು, ಬೆನ್ನನ್ನು ಮುಂದಕ್ಕೆ ತಳ್ಳಿತು. "ನನ್ನದೂ ಇದೆ ಅತ್ತಿಗೆ. ಸುಳ್ಳು ಹೇಳಿಲ್ಲ. ನಿಮ್ಮದು ಮೊದಲು, ಅಷ್ಟೆ," ಎಂದಳು ನಾದಿನಿ, ಇನ್ನೂ ಸೂರನ್ನೇ ನೋಡುತ್ತ.

ಜಗಳ ತೆಗೆಯುವ ಜಾಗ ಅದಾಗಿರಲಿಲ್ಲ. ಬೆಂಚಿನಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಎದುರಿನ ಅಜ್ಜಿಯ ಕುಪ್ಪಸದ ತೋಳು ಒಂದು ಉದ್ದ ಒಂದು ಗಿಡ್ಡ, ಪಕ್ಕದ ಗಂಡಸಿನ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ. ಕಂಡವರನ್ನೆಲ್ಲ ಕಣ್ಣಲ್ಲೇ ಅಳೆಯುವುದು ಅತ್ತಿಗೆಗೆ ಉಸಿರಾಡಿದಷ್ಟೇ ಸಹಜ, ಆದರೆ ಈಗ ಎಲ್ಲರೂ ಸೇರಿ ತನ್ನನ್ನು ಅಳೆಯುತ್ತಿದ್ದಾರೆ ಅನ್ನಿಸಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಬಿಳಿ ಕೋಟಿನವಳು ಯಂತ್ರ ನಡೆಸುವವಳು, ನಡುವಯಸ್ಸಿನವಳು, ಮಾತಿನಲ್ಲಿ ಒಂದು ನಿಧಾನ. ಅವಳ ಕೋಟಿನ ಎಡ ತೋಳು ಹೆಗಲ ಬಳಿ ಸುಕ್ಕು ಹಿಡಿದಿತ್ತು. ಯಾರೋ ತೋಳನ್ನು ಎಳೆದು ಕೂರಿಸಿದ್ದಾರೆ, ಬಿಚ್ಚಿ ಮತ್ತೆ ಹಾಕಬೇಕು. ಆ ಸುಕ್ಕನ್ನೇ ನೋಡುತ್ತ ಅತ್ತಿಗೆ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಒಂದು ಹಲಗೆ ಇಳಿಯಿತು. ಯಂತ್ರದವಳು ಸೆಂಟಿಮೀಟರಿನಲ್ಲಿ ಹೇಳಿದ್ದನ್ನು ಅತ್ತಿಗೆ ಮನಸ್ಸಿನಲ್ಲೇ ಇಂಚಿಗೆ ತಿರುಗಿಸಿದಳು. ತನಗೆ ಗೊತ್ತಿದ್ದ ಎತ್ತರಕ್ಕಿಂತ ಒಂದೂಕಾಲು ಇಂಚು ಕಡಿಮೆ.

"ನಿಮ್ಮ ಅಳತೆಪಟ್ಟಿ ಸರಿಯಿಲ್ಲ," ಎಂದಳು ಅತ್ತಿಗೆ. ಇಲ್ಲಿಗೆ ಬಂದವರೆಲ್ಲ ಹಾಗೇ ಹೇಳುತ್ತಾರೆ ಎಂದು ಯಂತ್ರದವಳು ಬೇಸರವಿಲ್ಲದೆ ಹೇಳಿ ಬರೆದುಕೊಂಡಳು. ಅತ್ತಿಗೆಯ ಕಿವಿ ಬಿಸಿಯಾಯಿತು. ಎಲ್ಲರೂ ಹೇಳುವುದು ಬೇರೆ, ತಾನು ಹೇಳುವುದು ಬೇರೆ. ಮೂವತ್ತು ವರ್ಷ ಟೇಪು ಹೆಗಲ ಮೇಲೆ ಹಾಕಿಕೊಂಡು ಬದುಕಿದವಳು ತಾನು. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದೆಳೆದು ಸಡಿಲಗೊಳ್ಳುತ್ತದೆ, ಸಡಿಲಗೊಂಡ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ ಎಂಬುದು ಹೊಲಿಯುವವರಿಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಆದದ್ದೂ ಅದೇ ತಾನೆ. ತನಗಾಗಿ ಹೊಲಿದುಕೊಂಡ ನೀಲಿ ಗೌನು ನೆಲ ಗುಡಿಸುತ್ತಿತ್ತು. ತನ್ನ ಅಳತೆಗೆ ಮಾಡಿಟ್ಟಿದ್ದ ಯಾವತ್ತಿನ ಪೇಪರ್ ಕಟಿಂಗನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿದ್ದು, ಕತ್ತರಿಸಿದವಳು ನಾದಿನಿ. ಎಡಗೈಯವಳಿಗೆ ಕತ್ತರಿ ಕೊಟ್ಟದ್ದೇ ತಪ್ಪು, ಎಡಚಿ, ಬಟ್ಟೆ ಹಾಳು ಮಾಡಿದೆ ಎಂದು ಅತ್ತಿಗೆ ಗಿರಾಕಿಗಳ ಎದುರಿಗೇ ಅಂದಳು. ನಾದಿನಿ ಎದುರಾಡದೆ ಗೌನನ್ನು ಪೇಪರಿನ ಮೇಲೆ ಹಾಸಿ ತೋರಿಸಿದಳು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ನನ್ನನ್ನೇ ಅಳೆ ಎಂದು ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಾದಿನಿ ಅಳೆದಳು, ನೋಡಿದಳು, ಇನ್ನೊಮ್ಮೆ ಅಳೆದಳು, ಒಂದಿಂಚು ಕಡಿಮೆ ಬರ್ತಿದೆ ಎಂದು ತುಂಬ ಮೆಲ್ಲಗೆ ಹೇಳಿದಳು. ಅತ್ತಿಗೆ ಜೋರಾಗಿ ನಕ್ಕಳು. ನೋಡಿದೆಯಾ, ಟೇಪು ಹೋಗಿದೆ ಎಂದಳು. ಹೊಸ ಟೇಪು ತರಿಸಿದಳು, ಹಳೆಯದನ್ನು ಕಸದ ಬುಟ್ಟಿಗೆ ಎಸೆದಳು, ಹೊಸದರಿಂದ ತನ್ನನ್ನು ಅಳೆದುಕೊಳ್ಳುವ ಗೋಜಿಗೆ ಮಾತ್ರ ಹೋಗಲಿಲ್ಲ. ಒಗೆದು ಇಸ್ತ್ರಿಯಾಗಿ ಬಂದ ನೀಲಿ ಗೌನು ಮುಂದಿನ ವಾರ ಕಾಲ ಗಂಟಿಗೆ ಕರಾರುವಾಕ್ಕಾಗಿ ಕೂತಾಗ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ತೋರಿಸಿ, ಟೇಪು ಬದಲಾಯಿಸಿದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದ್ದೇ ಹೇಳಿದ್ದು. ಹೊಲಿದು ಮುಗಿದ ಗೌನನ್ನು ಹೊಸ ಟೇಪು ಹೇಗೆ ಸರಿಮಾಡಿತು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಇವತ್ತು ತೊಟ್ಟುಕೊಂಡು ಬಂದದ್ದೂ ಅದೇ ನೀಲಿ ಗೌನು. ಗುಂಡಿ, ಕೊಕ್ಕೆ ಇರುವ ಬಟ್ಟೆ ಯಂತ್ರಕ್ಕೆ ಆಗದು, ಲೋಹ ಅಡ್ಡ ಬಂದರೆ ಎಲುಬಿನ ಲೆಕ್ಕ ತಪ್ಪುತ್ತದೆ ಎಂದು ಯಂತ್ರದವಳು ಒಂದು ಆಸ್ಪತ್ರೆಯ ಅಂಗಿ ಕೊಟ್ಟು ಪರದೆಯ ಹಿಂದೆ ಕಳಿಸಿದಳು. ಎದೆಯ ಬಳಿ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅತ್ತಿಗೆ ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು. ಇಷ್ಟೊಂದಾ ಎಂದು ಪರದೆಯಾಚೆಯಿಂದ ಬೆರಗಿನ ದನಿ ಬಂತು. ಗೌನು ಕಳಚಿ ಅಭ್ಯಾಸಬಲದಿಂದ ಒಳಮೈ ಹೊರಗೆ ಮಾಡಿ ಮಡಚಿದಳು. ಮಡಚುತ್ತಿದ್ದ ಕೈ ಕೆಳಗಿನ ಅಂಚಿಗೆ ಬಂದು ನಿಂತುಬಿಟ್ಟಿತು. ಅಂಚು ದಪ್ಪ ಇತ್ತು. ಬೆರಳಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ: ತಾನು ಮಡಚಿ ಹೊಲಿದ ಅಂಚಿನ ಮೇಲೆ ಇನ್ನೊಂದು ಮಡಿಕೆ, ಒಂದಿಂಚಿನದು, ಅದರ ನೂಲು ತೊಳೆದು ತೊಳೆದು ಬಣ್ಣ ಕಳೆದುಕೊಂಡಿದೆ, ಅದರ ಮೇಲೆ ಮತ್ತೊಂದು, ತೆಳ್ಳಗೆ ಕಾಲಿಂಚು, ಅದರ ನೂಲು ಇನ್ನೂ ಹೊಸದು. ಎರಡೂ ಕೈಹೊಲಿಗೆ, ಹೊರಗೆ ಚುಕ್ಕಿಯೂ ಕಾಣದಷ್ಟು ಸಣ್ಣ, ಎಲ್ಲ ಎಡಕ್ಕೆ ಓರೆ. ಹೀಗೆ ಎಡಕ್ಕೆ ಓರೆಯಾಗಿ ಹೊಲಿಯುವ ಕೈ ಅವಳಿಗೆ ಗೊತ್ತಿದ್ದದ್ದು ಜಗತ್ತಿನಲ್ಲಿ ಒಂದೇ.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ತಾನೇ ಹೊಲಿದ ಗೌನಿನ ಅಂಚೂ ಕಾಣದೆ ಹೋಯಿತಲ್ಲ. ಅತ್ತಿಗೆ ಆ ಸಣ್ಣ ಸ್ಟೂಲಿನ ಮೇಲೆ ಗೌನನ್ನು ತೊಡೆಯಲ್ಲಿಟ್ಟುಕೊಂಡು ಕೂತಳು. ಮೊದಲು ಬಂದದ್ದು ಸಿಟ್ಟು. ಬೀದಿಯವರ ಬಟ್ಟೆಯನ್ನೆಲ್ಲ ಸರಿ ಮಾಡುವ ತನ್ನ ಬಟ್ಟೆಯನ್ನೇ ಒಬ್ಬಳು ಕಳ್ಳತನದಲ್ಲಿ ಸರಿ ಮಾಡಿದ್ದಾಳೆ. ತಾನು ಗಿರಾಕಿಗಳ ಎದುರು ಟೇಪಿನ ಪುರಾಣ ಹೇಳುತ್ತಿದ್ದಾಗ ಮಿಷನ್ನಿನ ಹಿಂದೆ ಕೂತು ಇವಳು ಏನಂದುಕೊಂಡಿರಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದುಕೊಂಡಿರಬೇಕು. ಸಿಟ್ಟಿನ ಹಿಂದೆಯೇ ಒಂದು ಚಳಿ ಬಂತು. ಟೇಪು ಸರಿಯಿತ್ತು. ಗೋಡೆಯ ಅಳತೆಪಟ್ಟಿಯೂ ಸರಿಯಿತ್ತು. ಹಾಗಾದರೆ ಕಡಿಮೆಯಾದದ್ದು ತಾನು. ತಾನು ಅಮ್ಮನ ದಾರಿ ಹಿಡಿದಿದ್ದೇನೆ. ಇದು ಅವಳಿಗೆ ಈ ಕ್ಷಣ ಹೊಳೆದದ್ದಲ್ಲ. ಎರಡು ವರ್ಷದಿಂದ ಮನಸ್ಸಿನ ಒಂದು ಮೂಲೆಯಲ್ಲಿ ಮಡಚಿಟ್ಟುಕೊಂಡೇ ಇದ್ದದ್ದು. ಆಯಿತಾ ಎಂದು ಯಂತ್ರದವಳು ಕೇಳಿದಳು. ಆಯಿತು ಎಂದು ಅತ್ತಿಗೆ ಆಸ್ಪತ್ರೆಯ ಅಂಗಿಯ ದಾರ ಕಟ್ಟಿಕೊಂಡು ಹೊರಬಂದಳು.

ಮೇಜು ಕಿರಿದಾಗಿತ್ತು, ತಣ್ಣಗಿತ್ತು. ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ ಕಾಲ ಕೆಳಗೆ ಒಂದು ಚೌಕದ ದಿಂಬು ಕೊಟ್ಟರು. ಅಲುಗಬೇಡಿ, ಉಸಿರಾಡಬಹುದು, ಮಾತಾಡಬೇಡಿ ಎಂದು ಹೇಳಿ ಯಂತ್ರದವಳು ತನ್ನ ಕಂಪ್ಯೂಟರ್ ಪರದೆಯ ಮುಂದೆ ಕೂತಳು. ಮೇಲೆ ಯಂತ್ರದ ತೋಳೊಂದು ಸದ್ದಿಲ್ಲದೆ ಸೊಂಟದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಯತೊಡಗಿತು, ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಕತ್ತರಿಸುವ ಮೊದಲು ಅಂಗೈಯಿಂದ ಸವರುವ ಹಾಗೆ. ಅಮ್ಮನನ್ನು ಹೀಗೆ ಯಾರೂ ಮಲಗಿಸಿ ನೋಡಲಿಲ್ಲ. ಅಮ್ಮನನ್ನು ನಿಲ್ಲಿಸಿ ನೋಡಿದ್ದು ತಾನೇ, ಟೇಪು ಹಿಡಿದು. ನೆಟ್ಟಗೆ ನಿಲ್ಲಮ್ಮಾ, ಅಳತೆ ತಪ್ಪುತ್ತೆ ಎಂದು ಗದರುತ್ತಿದ್ದಳು. "ನಿಂತಿದೀನಲ್ಲೇ, ಇದಕ್ಕಿಂತ ನೆಟ್ಟಗೆ ಹೇಗೆ ನಿಲ್ಲೋದು," ಎನ್ನುತ್ತಿದ್ದಳು ಅಮ್ಮ, ನಗುತ್ತಲೇ, ತಪ್ಪು ತನ್ನದೇ ಎಂಬ ಹಾಗೆ. ಅಮ್ಮನ ಗೌನು ವರ್ಷ ವರ್ಷ ಮುಂದೆ ನೆಲ ಮುಟ್ಟುತ್ತಿತ್ತು, ಹಿಂದೆ ಮೇಲೇರುತ್ತಿತ್ತು. ಅದಕ್ಕೆ ತಾನು ಕಂಡುಕೊಂಡ ಉಪಾಯವೇನು? ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ ಕತ್ತರಿಸಿ, ಬೆನ್ನಿಗೆ ಎರಡು ನೆರಿಗೆ ಕೊಟ್ಟು, ಗೂನು ಕಾಣದ ಹಾಗೆ ಹೊಲಿದುಬಿಟ್ಟದ್ದು. ಎಲ್ಲರೂ ಕೈಗುಣ ಹೊಗಳಿದರು. ತಾನೂ ಹೊಗಳಿಸಿಕೊಂಡಳು. ಬಚ್ಚಲಲ್ಲಿ ಅಮ್ಮ ಜಾರಿದ್ದೂ ಇಲ್ಲ, ಸುಮ್ಮನೆ ತಿರುಗಿದಳು, ಸೊಂಟ ಮುರಿಯಿತು. ಆ ಮೇಲೆ ಅವಳಿಗೆ ಬೇಕಾದದ್ದು ಮಲಗಿದವರಿಗೆ ತೊಡಿಸುವ, ಹಿಂದೆ ದಾರ ಕಟ್ಟುವ ಅಂಗಿ. ಅದನ್ನೂ ತಾನೇ ಹೊಲಿದಳು. ಈಗ ಮೈಮೇಲಿರುವುದೂ ಅಂಥದ್ದೇ. ಅದರ ದಾರದ ಗಂಟು ಬೆನ್ನಿಗೆ ಒತ್ತುತ್ತಿತ್ತು. ಅಲುಗಬಾರದು ಎಂದು ನೆನಪಾಗಿ ಅದನ್ನು ಹಾಗೇ ಬಿಟ್ಟಳು.

ಆದರೆ ಮನಸ್ಸು ವಿಚಿತ್ರ, ಹೇಳಿದ ಕಡೆ ಕೂರುವುದಿಲ್ಲ. ಅಮ್ಮನ ಗೌನಿನಿಂದ ಹೊರಟು ಅದು ತನ್ನ ಗೌನಿಗೇ ಬಂತು. ನಾದಿನಿ ಇದನ್ನು ಯಾವಾಗ ಹೊಲಿದಿರಬೇಕು? ಗಂಡ ಲಾರಿಯ ಮೇಲೆ ಊರೂರು ಸುತ್ತುವವನು, ಮನೆಯಲ್ಲಿ ಹೆಚ್ಚಾಗಿ ಇರುವವರು ತಾವಿಬ್ಬರೇ, ಒಬ್ಬರ ಕಣ್ಣು ತಪ್ಪಿಸಿ ಒಬ್ಬರು ಸೀನುವುದೂ ಕಷ್ಟ. ತಾನು ಮಧ್ಯಾಹ್ನ ಒಂದು ಕಣ್ಣು ನಿದ್ದೆ ತೆಗೆಯುವ ಹೊತ್ತಿಗೇ ಇರಬೇಕು. ಇಸ್ತ್ರಿ ಮಾಡ್ತೀನಿ ಕೊಡಿ ಎಂದು ಗೌನು ಕಸಿದುಕೊಂಡು ಹೋಗುತ್ತಿದ್ದಳಲ್ಲ, ಆಗ. ಸೂಜಿ ಪೋಣಿಸಿಕೊಂಡು, ತನ್ನ ಗೊರಕೆಗೆ ಒಂದು ಕಿವಿ ಕೊಟ್ಟುಕೊಂಡು, ಗೊರಕೆ ನಿಂತೊಡನೆ ಗೌನನ್ನು ಮೇಜಿನ ಕೆಳಗೆ ತುರುಕಿಕೊಂಡು. ಸಂಜೆ ತಾನು ಅದನ್ನೇ ತೊಟ್ಟು ಗಿರಾಕಿಯ ಎದುರು ಗಿರಕಿ ಹೊಡೆದು ತೋರಿಸುತ್ತಿದ್ದಳು. ನೋಡಿ ನೋಡಿ, ಎಲ್ಲ ಟೇಪಿನ ತಪ್ಪು! ಹಿಂದೆ ನಾದಿನಿ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿರುತ್ತಿದ್ದಳು, ಮಾತಾಡಬೇಕಾಗದಿರಲೆಂದು. ಆ ಸೂಜಿ ತುಂಬಿದ ಬಾಯಿ, ಆ ಗಂಭೀರ ಮುಖ ಕಣ್ಣಿಗೆ ಕಟ್ಟಿತು. ಅತ್ತಿಗೆ ತುಟಿ ಕಚ್ಚಿದಳು. ಬೆಲೆ ಏರಿದ ನೂಲುಂಡೆಗಳ ಬಗ್ಗೆ, ಕೆಟ್ಟ ಮಿಷನ್ನಿನ ಬಗ್ಗೆ ಯೋಚಿಸಲು ನೋಡಿದಳು. ಆಗಲಿಲ್ಲ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ಮೇಜೇ ಕುಲುಕುವಷ್ಟು ನಗು ಬಂತು, ಕಣ್ಣಿನ ಎರಡೂ ಬದಿಯಿಂದ ನೀರು ಕಿವಿಯೊಳಕ್ಕೆ ಇಳಿಯಿತು.

ಯಂತ್ರ ನಿಂತಿತು. ಯಂತ್ರದವಳು ಎದ್ದು ಬಂದು ಮೇಲಿನಿಂದ ಬಗ್ಗಿ ನೋಡಿದಳು. ಈ ಮೇಜಿನ ಮೇಲೆ ಅತ್ತವರಿದ್ದಾರೆ, ನಿದ್ದೆ ಹೋದವರಿದ್ದಾರೆ, ನಕ್ಕವರನ್ನು ನೋಡಿದ್ದು ಇದೇ ಮೊದಲು ಎಂದಳು. ಏನಾಯಿತು ಎಂದು ಕೇಳಿದಳು. ಅತ್ತಿಗೆ ಹೇಳಲು ಹೋದಳು, ಟೇಪು ಎಂಬ ಒಂದು ಮಾತು ದಾಟಿ ಮುಂದೆ ಹೋಗಲಾಗಲಿಲ್ಲ. ಏನೂ ತಿಳಿಯದಿದ್ದರೂ ಯಂತ್ರದವಳಿಗೂ ನಗು ಅಂಟಿಕೊಂಡಿತು. ಇಬ್ಬರೂ ನಕ್ಕು ಸುಸ್ತಾದ ಮೇಲೆ, ಚಿತ್ರ ಅಲ್ಲಾಡಿದೆ, ಮೊದಲಿಂದ ತೆಗೆಯಬೇಕು, ದಯವಿಟ್ಟು ಈಗ ಏನಾದರೂ ದುಃಖದ್ದು ನೆನೆಸಿಕೊಳ್ಳಿ ಎಂದು ಅವಳು ಕೇಳಿಕೊಂಡಳು. ಅತ್ತಿಗೆ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಅಮ್ಮನನ್ನೇ ನೆನೆಸಿಕೊಂಡಳು. ಅಮ್ಮ ಕೂಡ ಈ ಸಲ ನಗುತ್ತಲೇ ಇದ್ದಳು. ಆದರೂ ಹೇಗೋ ಅಲುಗದೆ ಮಲಗಿದಳು, ಬೆನ್ನಿನದೂ ಆಯಿತು, ಸೊಂಟದ್ದೂ ಆಯಿತು, ಪಕ್ಕಕ್ಕೆ ಮಲಗಿಸಿ ಬೆನ್ನೆಲುಬಿನ ಒಂದೊಂದು ಮಣಿಯೂ ಕಾಣುವಂಥದ್ದೊಂದೂ ಆಯಿತು.

ಮತ್ತೆ ಗೌನು ತೊಟ್ಟು ಹೊರಗೆ ಬಂದಾಗ ನಾದಿನಿ ಎದ್ದು ನಿಂತಿದ್ದಳು. ಒಳಗಿನ ನಗು ಕಾರಿಡಾರಿನವರೆಗೂ ಕೇಳಿರಬೇಕು, ಅವಳ ಮುಖದಲ್ಲಿ ಏನು ಮಾಡಬೇಕೆಂದು ತೋಚದ ಗಾಬರಿ. ಅತ್ತಿಗೆ ಗೌನಿನ ಅಂಚನ್ನು ಎರಡು ಬೆರಳಿನಲ್ಲಿ ಸ್ವಲ್ಪ ಎತ್ತಿ, ಒಳಮೈ ಹೊರಳಿಸಿ ತೋರಿಸಿ, ಮತ್ತೆ ಬಿಟ್ಟಳು. ನಾದಿನಿಯ ಕಣ್ಣು ಸೂರಿಗೆ ಹೋಯಿತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು, ಬೈಗುಳ ತಪ್ಪಿತೆಂದು ಅವಳು ಓಡಿಯೇ ಒಳಗೆ ಹೋದಳು.

ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡರು. ಅತ್ತಿಗೆಯ ನಗು ಅಷ್ಟು ಹೊತ್ತಿಗೆ ಎಲ್ಲೋ ಇಂಗಿಹೋಗಿತ್ತು. ಹಾಸಿಗೆ, ಹಿಂದೆ ದಾರ ಕಟ್ಟುವ ಅಂಗಿ, ಕತ್ತರಿಸುವ ಮೇಜಿನ ಮೇಲೆ ಕೂತ ಧೂಳು, ಇವೆಲ್ಲ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ಮನೆಯಲ್ಲಿ ಯಾರಿಗಾದರೂ ಮೂಳೆ ಮುರಿದದ್ದುಂಟೇ ಎಂದು ಡಾಕ್ಟರಮ್ಮ ಕೇಳಿದಾಗ, ಅಮ್ಮನಿಗೆ ಎಂದಳು. ಮುಂಚೆ ಗೂನು ಬಂದಿತ್ತು, ನಾನು ಮುಚ್ಚಿ ಹೊಲಿದೆ ಎಂದೂ ಹೇಳಿಬಿಟ್ಟಳು, ಅದನ್ನು ಯಾರೂ ಕೇಳಿರದಿದ್ದರೂ. ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಇವರ ಕಡೆ ತಿರುಗಿಸಿದರು. ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ನಾದಿನಿಯ ಚುಕ್ಕಿ ಹಸಿರಿನಲ್ಲಿ ಆರಾಮವಾಗಿ ಕೂತಿತ್ತು. ಎಡಚಿಯ ಎಲುಬು ನೋಡು ಎಂದು ಅತ್ತಿಗೆಗೆ ಆ ಹೊತ್ತಿನಲ್ಲೂ ಒಂದು ಚೂರು ಹೊಟ್ಟೆಕಿಚ್ಚಾಯಿತು. ತನ್ನದು ಹಳದಿಯಲ್ಲಿತ್ತು, ಕೆಂಪಿನ ಕಡೆ ಮುಖ ಮಾಡಿ. ಮೂಳೆ ಇರಬೇಕಾದಷ್ಟು ಗಟ್ಟಿ ಇಲ್ಲ, ತೆಳುವಾಗುತ್ತ ಬಂದಿದೆ, ಆದರೆ ರೋಗದ ಗೆರೆ ದಾಟಿಲ್ಲ ಎಂದರು ಡಾಕ್ಟರಮ್ಮ. ಬೆನ್ನಿನ ಮಣಿಗಳನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ತೋರಿಸಿದರು. ಒಂದೂ ಕುಸಿದಿಲ್ಲ. ಎತ್ತರ ಕಡಿಮೆಯಾದದ್ದು ಬಹುಪಾಲು ಮಣಿಗಳ ನಡುವಿನ ಮೆತ್ತೆ ವಯಸ್ಸಿಗೆ ತಗ್ಗಿದ್ದರಿಂದ, ಉಳಿದದ್ದು ಬಗ್ಗಿ ಬಗ್ಗಿ ಕೆಲಸ ಮಾಡಿದ್ದರಿಂದ.

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ ಅತ್ತಿಗೆ ಆ ಚಿತ್ರವನ್ನೇ ನೋಡಿದಳು. ಮೊಣಕೈ ಸವೆದ ಎಷ್ಟೋ ಕೋಟುಗಳು ಅವಳ ಕೈ ದಾಟಿ ಹೋಗಿದ್ದವು. "ಹರಿದಿಲ್ಲ. ಸವೆದಿದೆ. ಅಷ್ಟೇ ತಾನೆ?" ಎಂದು ಕೇಳಿದಳು.

"ಅಷ್ಟೇ. ನಿಮ್ಮ ತಾಯಿಗೆ ಮುರಿದ ಮೇಲೆ ಗೊತ್ತಾಯ್ತು. ನಿಮಗೆ ಮುರಿಯೋಕೆ ಮುಂಚೆ ಗೊತ್ತಾಗಿದೆ."

ಆಮೇಲೆ ಡಾಕ್ಟರಮ್ಮ ಹೇಳಿದ್ದೆಲ್ಲ ಅತ್ತಿಗೆಯ ಕಿವಿಗೆ ಅರ್ಧ ಬಿತ್ತು, ನಾದಿನಿಯ ಕಿವಿಗೆ ಪೂರ್ತಿ ಬಿತ್ತು. ಕ್ಯಾಲ್ಸಿಯಂ, ಬಿಸಿಲು, ದಿನಾ ನಡಿಗೆ, ಕೈಗೆ ಸ್ವಲ್ಪ ಭಾರ ಕೊಟ್ಟು ವ್ಯಾಯಾಮ. ರಕ್ತ ಪರೀಕ್ಷೆಯೊಂದು ನೋಡಿ ಬೇಕಾದರೆ ಮಾತ್ರೆ. ಬಟ್ಟೆಯ ಥಾನುಗಳನ್ನು ಬಗ್ಗಿ ಎತ್ತಕೂಡದು. ಕತ್ತರಿಸುವ ಮೇಜನ್ನು ಎತ್ತರಿಸಬೇಕು. ಎರಡು ವರ್ಷಕ್ಕೆ ಮತ್ತೊಮ್ಮೆ ಬಂದು ಇದೇ ಯಂತ್ರದ ಕೆಳಗೆ ಮಲಗಬೇಕು, ನಗದೆ. ಕೆಲಸ ಬಿಡಬೇಕೇ ಎಂದು ಅತ್ತಿಗೆ ಕೇಳಿದಳು. ಅವಳಿಗೆ ಕೇಳಬೇಕಾಗಿದ್ದದ್ದು ಅದೊಂದೇ. ಬಿಟ್ಟರೆ ಮೂಳೆ ಇನ್ನೂ ಬೇಗ ಸವೆಯುತ್ತೆ, ನಿಂತುಕೊಂಡೇ ಮಾಡಿ, ನೆಟ್ಟಗೆ ನಿಂತುಕೊಂಡು ಮಾಡಿ ಎಂದರು. ಅತ್ತಿಗೆ ಕೈ ಮುಗಿದಳು, ಅದೂ ಸಾಲದೆಂಬಂತೆ, ನಿಮ್ಮಲ್ಲಿ ಯಂತ್ರ ನಡೆಸುತ್ತಾರಲ್ಲ, ಅವರ ಕೋಟಿನ ಎಡ ತೋಳು ಬಿಚ್ಚಿ ಹಾಕಿಕೊಡ್ತೀನಿ, ಕಳಿಸಿಕೊಡಿ ಎಂದಳು.

ಬೀದಿಯಲ್ಲಿ ಬಿಸಿಲಿತ್ತು. ಬಿಸಿಲು ಒಳ್ಳೆಯದಂತೆ ಎಂದು ನಾದಿನಿ ಅವಳನ್ನು ನೆರಳಿಂದ ಎಳೆದು ರಸ್ತೆಯ ಈ ಬದಿಗೆ ತಂದಳು. ಹಣ್ಣಿನ ಗಾಡಿ, ಸೈಕಲ್ ರಿಪೇರಿಯ ಅಂಗಡಿ, ಬಾಗಿಲು ತೆರೆದು ಕೂತ ಕ್ಷೌರದವನು, ಎಲ್ಲ ಬೆಳಗ್ಗೆ ಬರುವಾಗ ಇದ್ದವೇ, ಆದರೆ ಆಗ ಅತ್ತಿಗೆ ಅವನ್ನು ನೋಡಿರಲಿಲ್ಲ. ಎದುರಿನಿಂದ ಬರುತ್ತಿದ್ದ ಹೆಂಗಸೊಬ್ಬಳ ಲಂಗ ಎಷ್ಟು ಚೆನ್ನಾಗಿ ಕೂತಿದೆ ಎಂದುಕೊಂಡಳು, ಅದನ್ನು ಹೊಲಿದದ್ದು ತಾನಲ್ಲದಿದ್ದರೂ. ಯಾರನ್ನಾದರೂ ನಿಲ್ಲಿಸಿ, ಹರಿದಿಲ್ಲವಂತೆ, ಸವೆದಿದೆಯಂತೆ ಅಷ್ಟೆ ಎಂದು ಹೇಳಬೇಕು ಅನ್ನಿಸುತ್ತಿತ್ತು. ಹೇಳಲು ಹತ್ತಿರದಲ್ಲಿದ್ದವಳಿಗೆ ಅದು ಗೊತ್ತೇ ಇತ್ತು, ಎಲ್ಲರಿಗಿಂತ ಮೊದಲು ಗೊತ್ತಿತ್ತು. ಅದು ನೆನಪಾಗಿ, ಎಷ್ಟು ದಿನದಿಂದ ನಡೆಯುತ್ತಿದೆ ನಿನ್ನ ಕಳ್ಳ ಹೊಲಿಗೆ ಎಂದು ಕೇಳಿದಳು. ಬಾಗಿಲ ಚೌಕಟ್ಟಿನಲ್ಲಿ ಅಳೆದ ದಿನದಿಂದಲೇ ಎಂದಳು ನಾದಿನಿ.

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲೇ."

"ಹೇಳ್ದೆನಲ್ಲ ಅತ್ತಿಗೆ. ಒಂದಿಂಚು ಕಡಿಮೆ ಅಂದೆ. ನೀವು ಟೇಪು ಎಸೆದ್ರಿ."

ನಾದಿನಿಯೇ ಮುಂದುವರಿಸಿದಳು, ಈಗ ಅವಳ ದನಿ ಇಳಿದಿತ್ತು. ಮೊದಲನೆಯ ಮಡಿಕೆ ಹಾಕುವಾಗ ಅತ್ತಿಗೆಯ ಮನಸ್ಸಿಗೆ ನೋವಾಗದಿದ್ದರೆ ಸಾಕು ಎಂದಷ್ಟೇ ಇತ್ತಂತೆ. ಈ ವರ್ಷ ಎರಡನೆಯದು ಹಾಕುವಾಗ ಸೂಜಿ ನಡುವೆಯೇ ನಿಂತುಬಿಟ್ಟಿತಂತೆ. "ನಿಮ್ಮಮ್ಮನ ಗೌನು ನೆನಪಾಯ್ತು. ನೀವು ಹೊಲಿದು ಮುಚ್ಚಿದ್ರಿ, ನಾನೂ ಹೊಲಿದು ಮುಚ್ತಾ ಇದೀನಿ ಅನ್ನಿಸ್ತು. ಇನ್ನು ಮಡಚೋದು ಬೇಡ ಅಂತ ಆಸ್ಪತ್ರೆಗೆ ಹೆಸರು ಬರೆಸ್ದೆ." ಇಷ್ಟು ಹೇಳಿ ಅವಳು ಮುಖ ಆಚೆ ತಿರುಗಿಸಿಕೊಂಡಳು. ಅತ್ತಿಗೆಗೆ ಅವಳನ್ನು ಅಲ್ಲೇ, ಹಣ್ಣಿನ ಗಾಡಿಯ ಎದುರಿಗೇ, ತಬ್ಬಿಕೊಳ್ಳಬೇಕು ಅನ್ನಿಸಿತು. ತಾನು ಗಿರಾಕಿಗಳ ಎದುರು ಎಡಚಿ ಎಂದು ಅಂದದ್ದೂ, ಅನ್ನಿಸಿಕೊಂಡ ಕೈಯೇ ಮಧ್ಯಾಹ್ನದ ಬಿಸಿಲಿನಲ್ಲಿ ತನಗಾಗಿ ಸೂಜಿ ಹಿಡಿದದ್ದೂ ಒಟ್ಟಿಗೆ ನೆನಪಾಗಿ ಎದೆ ತುಂಬಿ ಬಂತು. ತಬ್ಬಿಕೊಳ್ಳುವ ರೂಢಿ ಇಬ್ಬರಿಗೂ ಇರಲಿಲ್ಲ. ಆ ಎಡಗೈಯನ್ನು ಹಿಡಿದುಕೊಂಡಳು, ಅಂಗಡಿ ಬರುವ ತನಕ ಬಿಡಲಿಲ್ಲ.

ಬೀಗ ತೆಗೆದು ಒಳಗೆ ಹೋದವಳೇ ಅತ್ತಿಗೆ, ಇನ್ನು ಮುಚ್ಚುಮರೆ ಬೇಡ, ಹೊಸ ಪೇಪರ್ ಕಟಿಂಗ್ ಮಾಡೋಣ, ಅಳೆ ನನ್ನನ್ನ ಎಂದಳು. ನಾದಿನಿ ಹೊಸ ಟೇಪಿಗೆ ಕೈ ಹಾಕಲಿಲ್ಲ. ಮೂಲೆಯಲ್ಲಿ ಚೂರುಬಟ್ಟೆಗಳ ಒಂದು ಗಂಟಿತ್ತು. ಅದಕ್ಕೆ ಸುತ್ತಿದ್ದದ್ದನ್ನು ಬಿಚ್ಚಿ ತಂದಳು. ಅಂಕಿಗಳು ಅಲ್ಲಲ್ಲಿ ಅಳಿಸಿದ, ತುದಿಯ ಹಿತ್ತಾಳೆ ಬಾಗಿದ ಹಳೆಯ ಟೇಪು. ಕಸದ ಬುಟ್ಟಿಯಿಂದ ಅದನ್ನು ಅವತ್ತೇ ಎತ್ತಿಟ್ಟಿದ್ದಳಂತೆ. ಪಾಪ, ಅದೇನು ತಪ್ಪು ಮಾಡಿತ್ತು ಎಂದಳು.

ಅತ್ತಿಗೆ ಚಪ್ಪಲಿ ಬಿಟ್ಟು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟಳು. ನಾದಿನಿ ಸ್ಟೂಲು ಹತ್ತಿ ಟೇಪಿನ ತುದಿಯನ್ನು ಅವಳ ತಲೆಯ ಮೇಲಿಟ್ಟು, "ನೆಟ್ಟಗೆ ನಿಂತ್ಕೊಳ್ಳಿ ಅತ್ತಿಗೆ," ಎಂದಳು.

"ನಿಂತಿದೀನಲ್ಲೇ," ಎಂದಳು ಅತ್ತಿಗೆ.

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರದೆಂದು ಗೊತ್ತಾಯಿತು. ಅದೇ ದನಿ, ಅದೇ ಸಣ್ಣ ನಗು, ತಪ್ಪು ತನ್ನದೇ ಎಂಬ ಅದೇ ಒಪ್ಪಿಗೆ. ಅಮ್ಮನಿಗೆ ಅದಕ್ಕಿಂತ ನೆಟ್ಟಗೆ ನಿಲ್ಲಲು ನಿಜವಾಗಿಯೂ ಆಗುತ್ತಿರಲಿಲ್ಲ. ಅದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ತನಗೆ? ಅತ್ತಿಗೆ ಹಿಮ್ಮಡಿಯನ್ನು ಚೌಕಟ್ಟಿಗೆ ತಾಗಿಸಿದಳು, ಹೆಗಲನ್ನು ಹಿಂದಕ್ಕೆ ತಂದಳು, ಗಲ್ಲ ಒಳಗೆ ಎಳೆದುಕೊಂಡು ಉಸಿರು ತುಂಬಿ ಮೇಲಕ್ಕೆ ಚಾಚಿದಳು. ಬೆನ್ನಿನೊಳಗೆ, ಬಟ್ಟೆಯ ಮಡಿಕೆ ಬಿಡಿಸಿದ ಹಾಗೆ, ಇನ್ನೂ ಸ್ವಲ್ಪ ಜಾಗವಿತ್ತು. ನಾದಿನಿ ಟೇಪಿನ ತುದಿಯನ್ನು ಆ ಎತ್ತರಕ್ಕೆ ಗುಂಡುಸೂಜಿಯಿಂದ ಚೌಕಟ್ಟಿಗೆ ಚುಚ್ಚಿ, ಸ್ಟೂಲಿನಿಂದ ಇಳಿದು ನೆಲಕ್ಕೆ ಬಗ್ಗಿ ಅಂಕಿ ನೋಡಿದಳು. ಮತ್ತೊಮ್ಮೆ ಸ್ಟೂಲು ಹತ್ತಿ ಇಳಿದು ನೋಡಿದಳು. ಆಸ್ಪತ್ರೆಯಲ್ಲಿ ಹೇಳಿದ್ದಕ್ಕಿಂತ ಕಾಲಿಂಚು ಜಾಸ್ತಿ ಬರ್ತಿದೆ, ಹಳೇ ಟೇಪು ಅತ್ತಿಗೆ, ನಂಬೋ ಹಾಗಿಲ್ಲ ಎಂದಳು ಅನುಮಾನದಿಂದ.

"ಹಳೇ ಟೇಪು ಕಡಿಮೆ ತೋರಿಸುತ್ತೆ, ಜಾಸ್ತಿ ತೋರಿಸಲ್ಲ," ಎಂದಳು ಅತ್ತಿಗೆ, ಚೌಕಟ್ಟಿನಿಂದ ಅಲುಗದೆ. "ಟೇಪಿಂದೇನೂ ತಪ್ಪಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ನೀಲಿ ಗೌನಿನ ಅಂಚಿಗೆ ಹೋಯಿತು. ಅದು ಈಗ ಕಾಲ ಗಂಟಿಗಿಂತ ಕಾಲಿಂಚು ಮೇಲೆ ನಿಂತಿತ್ತು. ನಾದಿನಿ ಸಣ್ಣ ಕತ್ತರಿ ಎತ್ತಿಕೊಂಡಳು, ನೆಲದ ಮೇಲೆ ಮಂಡಿಯೂರಿ ಕೂತಳು, ಅಂಚನ್ನು ಹೊರಳಿಸಿ ತನ್ನದೇ ಹೊಸ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಮೊದಲಿನ ಮಡಿಕೆ ಹಾಗೇ ಇರಲಿ, ಇದೊಂದು ಬಿಚ್ಚಿದರೆ ಸಾಕು ಎಂದಳು ಅತ್ತಿಗೆ. ಬೀದಿಯಲ್ಲಿ ಯಾರೋ ಅಂಗಡಿ ತೆರೆದಿದೆಯಾ ಅತ್ತಿಗೆ ಎಂದು ಕೂಗಿದರು. ಬನ್ನಿ ಬನ್ನಿ, ತೆರೆದಿದೆ ಎಂದು ಇವಳೂ ಕೂಗಿದಳು. ಕೂಗುವಾಗ ಹೊಟ್ಟೆಯೊಳಗಿಂದ ಮತ್ತೆ ಅದೇ ನಗು ಏಳತೊಡಗಿತು.

"ಅಲ್ಲಾಡಬೇಡಿ ಅತ್ತಿಗೆ, ಕತ್ತರಿ ತಗುಲುತ್ತೆ," ಎಂದಳು ನಾದಿನಿ ಕೆಳಗಿನಿಂದ.

ಅತ್ತಿಗೆ ಅಲ್ಲಾಡುತ್ತಲೇ ಇದ್ದಳು, ನೆಟ್ಟಗೆ ನಿಂತುಕೊಂಡು.